ಕೈಯಲ್ಲೊಂದು ಫೋನು, ಫೋನಿನಲ್ಲೆರಡು ನಂಬರು

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೊರಟಿರುವ ಹಿರಿಯರಿಗೆ ಒಂದು ಬಹಿರಂಗ ಪತ್ರ

ಮಗಳ ಬಾಣಂತನಕ್ಕೋ, ಮೊಮ್ಮಗನ ಹುಟ್ಟುಹಬ್ಬಕ್ಕೋ, ಮಗ ಕೊಂಡ ಹೊಸ ಮನೆಯ ಗೃಹಪ್ರವೇಶಕ್ಕೋ ವಿಮಾನ ಹತ್ತಲು ಸಿದ್ಧರಾಗಿರುವ ನನ್ನ ಓರಗೆಯ ಎಲ್ಲರಿಗೂ,

ವೀಸಾ ಬಂದಿದೆ, ಟಿಕೆಟ್ ಆಗಿದೆ. ಸಾರಿನಪುಡಿ, ಚಟ್ನಿಪುಡಿ, ಹಪ್ಪಳ, ಬಾಣಂತಿ ಲೇಹ್ಯ ಎಲ್ಲವನ್ನೂ ಸೂಟ್‌ಕೇಸಿಗೆ ತುಂಬಿ, 23 ಕಿಲೋ ಮೀರಿತೆಂದು ಅರ್ಧ ತೆಗೆದು, ಮನಸ್ಸು ತಡೆಯದೆ ಮತ್ತೆ ಕಾಲು ಭಾಗ ಸೇರಿಸಿದ್ದೂ ಆಗಿದೆ. ಬಿ.ಪಿ., ಶುಗರ್ ಮಾತ್ರೆಗಳಿಗೆ ಡಾಕ್ಟರ ಚೀಟಿ ಇದೆ. ಪ್ರಯಾಣದ ವಿಮೆ ಇದೆ. ಆದರೆ ‘ಫೋನಿಗೆ ಏನು ಮಾಡಿಕೊಂಡಿದ್ದೀರಿ?’ ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ‘ಅದಕ್ಕೇನು, ಅಲ್ಲಿ ಹೋದಮೇಲೆ ಮಗ ನೋಡ್ಕೋತಾನೆ.’

ಈ ಪತ್ರ ಬರೆಯುತ್ತಿರುವುದು ಆ ಉತ್ತರದ ಮೇಲಿನ ತಕರಾರಿನಿಂದ. ನಾನು ದೂರವಾಣಿ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಹೆಂಡತಿಯೊಂದಿಗೆ ನಾನೂ ಮಗಳ ಮನೆಗೆ ಹೋಗಿ ಬಂದಿದ್ದೇನೆ. ಮಗ ನೋಡಿಕೊಳ್ಳುತ್ತಾನೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಫೋನಿನ ವಿಷಯದಲ್ಲಿ ಅಲ್ಲಿಗೆ ಹೋದಮೇಲೆ ಮಗನ ಕೈಯಲ್ಲೂ ಆಗದ ಕೆಲಸಗಳು ಕೆಲವಿವೆ. ಅವು ನೀವು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಶಿವಮೊಗ್ಗದಲ್ಲೋ ಇರುವಾಗಲೇ ಮುಗಿಯಬೇಕು.

ಮಕ್ಕಳದ್ದೂ ಒಂದು ಸಿದ್ಧ ಮಾತಿದೆ: ‘ಮನೇಲಿ ವೈಫೈ ಇದೆಯಲ್ಲಮ್ಮ, ವಾಟ್ಸಾಪಲ್ಲೇ ಮಾತಾಡಬಹುದು. ಸಿಮ್ ಯಾಕೆ ಬೇಕು?’ ಸರಿಯೇ. ಆದರೆ ವೈಫೈ ಮನೆಯ ಅಂಗಳ ದಾಟುವುದಿಲ್ಲ, ನೀವು ದಾಟುತ್ತೀರಿ. ಬೆಳಗಿನ ವಾಕಿಂಗಿಗೆ ಹೊರಟರೆ ಅಲ್ಲಿನ ಬಡಾವಣೆಯಲ್ಲಿ ಎಲ್ಲವೂ ಒಂದೇ ಥರದ ಮನೆಗಳು, ಒಂದೇ ಥರದ ಗ್ಯಾರೇಜು ಬಾಗಿಲುಗಳು. ಎರಡು ತಿರುವು ತಪ್ಪಿದರೆ ದಾರಿ ಕೇಳೋಣವೆಂದರೆ ನರಪಿಳ್ಳೆ ಇರುವುದಿಲ್ಲ. ಮೂಲೆಯಲ್ಲೊಂದು ಬೀಡಾ ಅಂಗಡಿಯೂ ಇಲ್ಲ, ಆಟೋ ಸ್ಟ್ಯಾಂಡೂ ಇಲ್ಲ. ಕೈಲಿರುವ ಫೋನಿನಲ್ಲಿ ನಕ್ಷೆ ತೆರೆಯುವುದಿಲ್ಲ, ಮಗಳಿಗೆ ಕರೆ ಹೋಗುವುದಿಲ್ಲ. ಹೀಗೆ ಒಮ್ಮೆ ಆದವರು ಎರಡನೆಯ ಸಲ ಒಬ್ಬರೇ ಹೊರಗೆ ಕಾಲಿಡುವುದಿಲ್ಲ. ಆರು ತಿಂಗಳೂ ಕಿಟಕಿಯ ಪಕ್ಕ ಕೂತು, ವಾರದ ಕೊನೆಗೆ ಕಾರಿನಲ್ಲಿ ಕರೆದೊಯ್ಯುವವರಿಗೆ ಕಾಯುವ ಹಿರಿಯರು ಎಷ್ಟೋ ಮಂದಿ.

ನಮ್ಮ ಮನೆಗಳಿಗೆ ಫೋನ್ ಬರುವ ಮುಂಚಿನ ದಿನಗಳು ನಿಮಗೂ ನೆನಪಿರಬೇಕು. ವಿಳಾಸದ ಕೆಳಗೆ ‘ಪಿ.ಪಿ.’ ಎಂದು ಬರೆದು ಪಕ್ಕದ ಮನೆಯವರ ನಂಬರ್ ಕೊಡುತ್ತಿದ್ದೆವು. ಕರೆ ಬಂದಾಗ ಅವರು ಕಾಂಪೌಂಡಿನಾಚೆಯಿಂದ ಕೂಗುತ್ತಿದ್ದರು. ನಾವು ಓಡಿಹೋಗಿ, ಅವರ ನಡುಮನೆಯಲ್ಲಿ ನಿಂತು, ಅವರೆಲ್ಲರ ಎದುರೇ ನಮ್ಮ ಮನೆ ಮಾತು ಆಡುತ್ತಿದ್ದೆವು. ಸ್ವಂತ ಫೋನಿಗೆ ವರ್ಷಗಟ್ಟಲೆ ಕಾದವರು ನಾವು. ಆ ನಂಬರನ್ನು ಇಳಿವಯಸ್ಸಿನಲ್ಲಿ, ಅದೂ ಮಕ್ಕಳ ಮನೆಯಲ್ಲಿ, ಬಿಟ್ಟುಕೊಡುವುದು ಬೇಡ. ಇಷ್ಟೇ ನನ್ನ ವಾದ: ಊರಿನ ನಂಬರು ಜೀವಂತವಾಗಿರಬೇಕು, ಅಲ್ಲಿನದೊಂದು ನಂಬರು ಬೇಕು, ಎರಡೂ ನಿಮ್ಮದೇ ಕೈಯ ಒಂದೇ ಫೋನಿನಲ್ಲಿರಬೇಕು.

ಮೊದಲು ಊರಿನ ನಂಬರಿನ ಮಾತು. ಆ ಹತ್ತು ಅಂಕಿಗೆ ಏನೇನು ಜೋತುಬಿದ್ದಿದೆ ಎಂದು ಒಮ್ಮೆ ಎಣಿಸಿ. ಆಧಾರ್, ಪಿಂಚಣಿ ಬರುವ ಬ್ಯಾಂಕ್ ಖಾತೆ, ಠೇವಣಿಯ ನವೀಕರಣ, ಆದಾಯ ತೆರಿಗೆ ರಿಟರ್ನ್, ನವೆಂಬರಿನ ಜೀವನ ಪ್ರಮಾಣಪತ್ರ. ಮನೆಯಲ್ಲಿ ತಮ್ಮನ ಸಂಸಾರವನ್ನು ಬಿಟ್ಟು ಹೋಗಿದ್ದರೆ ಗ್ಯಾಸ್ ಸಿಲಿಂಡರ್ ತಂದ ಹುಡುಗ ಕೇಳುವ ಕೋಡ್ ಕೂಡ ನಿಮ್ಮ ನಂಬರಿಗೇ ಬರುತ್ತದೆ. ಒಟಿಪಿ ಇಲ್ಲದೆ ನಿಮ್ಮ ದುಡ್ಡನ್ನು ನೀವೇ ಮುಟ್ಟಲಾಗದ ಕಾಲವಿದು.

ಪ್ರವಾಸಿ ವೀಸಾದಲ್ಲಿ ಹೋದವರಿಗೆ ಅಮೆರಿಕದಲ್ಲಿ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಲು ಬಿಡುತ್ತಾರೆ. ಇಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ನಿಯಮದ ಪ್ರಕಾರ 90 ದಿನ ಯಾವ ಬಳಕೆಯೂ ಇಲ್ಲದ ಪ್ರೀಪೇಯ್ಡ್ ಸಂಪರ್ಕವನ್ನು ಕಂಪನಿ ಕಡಿದುಹಾಕಬಹುದು. ಖಾತೆಯಲ್ಲಿ ಕನಿಷ್ಠ 20 ರೂಪಾಯಿ ಉಳಿದಿದ್ದರೆ ಮಾತ್ರ ಅದನ್ನು ಮುರಿದುಕೊಂಡು ಅವಧಿ ಮುಂದೆ ಹೋಗುತ್ತದೆ. ಆರು ತಿಂಗಳೆಂದರೆ 90 ದಿನದ ಎರಡು ಪಟ್ಟು. ಕಡಿದುಹೋದ ನಂಬರು ಸ್ವಲ್ಪ ಕಾಲದ ಮೇಲೆ ಬೇರೆ ಯಾರಿಗೋ ಹಂಚಿಕೆಯಾಗುತ್ತದೆ. ಆಮೇಲೆ ನಿಮ್ಮ ಬ್ಯಾಂಕಿನ ಒಟಿಪಿ ಬರುವುದು ಆ ಅಪರಿಚಿತರಿಗೆ. ಇನ್ನು ರೀಚಾರ್ಜ್ ಅವಧಿ ಮುಗಿದರಂತೂ 90 ದಿನ ಕಾಯಬೇಕಾಗಿಲ್ಲ, ಸ್ವಲ್ಪ ದಿನಕ್ಕೇ ಒಳಬರುವ ಸಂದೇಶಗಳೂ ನಿಲ್ಲುತ್ತವೆ.

ಹಾಗಾಗಿ ಹೊರಡುವ ಮುಂಚೆ ವಾಪಸ್ ಬರುವ ದಿನಾಂಕವನ್ನೂ ದಾಟುವಷ್ಟು ರೀಚಾರ್ಜ್ ಮಾಡಿಸಿ. ಡೇಟಾ ಬೇಡದವರಿಗಾಗಿ ಬರೀ ಕರೆ ಮತ್ತು ಎಸ್‌ಎಂಎಸ್ ಇರುವ ಪ್ಯಾಕುಗಳನ್ನು ಕಂಪನಿಗಳು ಕೊಡಲೇಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ಇಂಥ ಪ್ಯಾಕುಗಳ ಅವಧಿಯ ಮಿತಿಯನ್ನು 90ರಿಂದ 365 ದಿನಕ್ಕೆ ಏರಿಸಿದ್ದೂ ಆಗಲೇ. ನಮ್ಮಂಥವರಿಗೆ ಇದು ಹೇಳಿ ಮಾಡಿಸಿದ್ದು. ಅಂಗಡಿಯವನು ದಿನಕ್ಕೆ ಎರಡು ಜಿ.ಬಿ. ಕೊಡುವ ಪ್ಯಾಕನ್ನೇ ಮುಂದೆ ಮಾಡಿದರೆ, ‘ಬರೀ ಕಾಲ್, ಮೆಸೇಜ್ ಇರೋದು ಕೊಡಪ್ಪ’ ಎಂದು ಕೇಳಿ ಪಡೆಯಿರಿ.

ರೀಚಾರ್ಜ್ ಇದ್ದ ಮಾತ್ರಕ್ಕೆ ವಿದೇಶದಲ್ಲಿ ಸಂದೇಶ ಬರುವುದಿಲ್ಲ. ಇಂಟರ್‌ನ್ಯಾಷನಲ್ ರೋಮಿಂಗ್ ಎಂಬ ಸೌಲಭ್ಯವನ್ನು ಕಂಪನಿಯ ಆಪ್‌ನಲ್ಲೋ ಕಸ್ಟಮರ್ ಕೇರ್‌ಗೆ ಹೇಳಿಯೋ ಆನ್ ಮಾಡಿಸಬೇಕು. ನೀವು ಹೋಗುವ ದೇಶದಲ್ಲಿ ನಿಮ್ಮ ಕಂಪನಿಗೆ ಯಾರೊಂದಿಗೆ ಒಪ್ಪಂದವಿದೆ ಎಂಬುದನ್ನೂ ಆಗಲೇ ಕೇಳಿಕೊಳ್ಳಿ. ರೋಮಿಂಗಿನಲ್ಲಿ ಒಳಬರುವ ಎಸ್‌ಎಂಎಸ್ ಸಾಮಾನ್ಯವಾಗಿ ಉಚಿತ, ಆದ್ದರಿಂದ ಒಟಿಪಿಗೆ ದುಬಾರಿ ಪ್ಯಾಕು ಬೇಕಿಲ್ಲ. ಆದರೆ ಪ್ಯಾಕಿಲ್ಲದೆ ಒಳಬರುವ ಕರೆ ಎತ್ತಿದರೆ ನಿಮಿಷದ ಲೆಕ್ಕದಲ್ಲಿ ದುಡ್ಡು ಹೋಗುವುದು ನಿಮ್ಮ ಜೇಬಿನಿಂದ. ಡೇಟಾ ಆನ್ ಇದ್ದರೆ ನೀವು ಮಲಗಿರುವಾಗಲೂ ಫೋನು ಫೋಟೋಗಳನ್ನು ಮೇಲಕ್ಕೆ ಕಳಿಸುತ್ತಾ ಬಿಲ್ಲು ಏರಿಸುತ್ತಿರುತ್ತದೆ. ನೆನಪಿಡಬೇಕಾದ್ದು ಇಷ್ಟು: ಊರಿನ ಸಿಮ್ಮಿನಲ್ಲಿ ರೋಮಿಂಗ್ ಸೇವೆ ಆನ್, ಡೇಟಾ ರೋಮಿಂಗ್ ಆಫ್. ಕರೆ ಬಂದರೆ ಯಾರದೆಂದು ನೋಡಿಕೊಂಡು ಬಿಟ್ಟುಬಿಡಿ, ಆಮೇಲೆ ವಾಟ್ಸಾಪಿನಲ್ಲಿ ಮಾತಾಡಿ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಇಲ್ಲಿ ಬೆಳಿಗ್ಗೆ 11ಕ್ಕೆ ಬ್ಯಾಂಕಿನವರು ಮಾಡುವ ಕರೆ ಅಲ್ಲಿ ರಾತ್ರಿ ಹತ್ತೂವರೆಗೆ ಬಡಿದುಕೊಳ್ಳುತ್ತದೆ. ನಿದ್ದೆಗಣ್ಣಿನಲ್ಲಿ ಎತ್ತುವ ಅಭ್ಯಾಸ ಬಿಡಿ.

ಸಿಮ್ಮನ್ನು ಇಲ್ಲೇ ತಮ್ಮನ ಕೈಗೋ ಪಕ್ಕದ ಮನೆಯವರಿಗೋ ಕೊಟ್ಟು ‘ಒಟಿಪಿ ಬಂದ್ರೆ ಹೇಳಿಬಿಡಿ’ ಎಂದು ಹೊರಡುವವರೂ ಇದ್ದಾರೆ. ದಯವಿಟ್ಟು ಬೇಡ. ಅವರ ಪ್ರಾಮಾಣಿಕತೆಯ ಪ್ರಶ್ನೆಯಲ್ಲ ಇದು. ಹತ್ತು ನಿಮಿಷಕ್ಕೆ ಮುಗಿದುಹೋಗುವ ಒಟಿಪಿಗಾಗಿ ಅವರನ್ನು ಅಪರಾತ್ರಿಯಲ್ಲಿ ಎಬ್ಬಿಸುವುದು ಎರಡು ಸಲಕ್ಕೇ ಸಾಕಾಗುತ್ತದೆ. ನಿಮ್ಮ ಹೆಸರಿನಲ್ಲಿ ಯಾರೋ ಮೋಸಗಾರ ಬಲೆ ಬೀಸಿದರೆ ಅದಕ್ಕೆ ಸಿಗುವವರೂ ಅವರೇ. ವಾಟ್ಸಾಪ್ ಕೂಡ ಊರಿನ ನಂಬರಿನಲ್ಲೇ ಇರಲಿ. ಅಮೆರಿಕದ ಸಿಮ್ ಹಾಕಿದಾಗ ನಂಬರ್ ಬದಲಿಸಬೇಕೇ ಎಂದು ಅದು ಕೇಳಿದರೆ ‘ಬೇಡ’ ಒತ್ತಿ. ನೋಂದಾಯಿಸಿದ ಸಿಮ್ ಫೋನಿನೊಳಗೆ ಇದ್ದರೆ ಮಾತ್ರ ಇಂಥ ಆಪ್‌ಗಳು ನಡೆಯಬೇಕೆಂದು ದೂರಸಂಪರ್ಕ ಇಲಾಖೆ 2025ರ ನವೆಂಬರಿನಲ್ಲಿ ಕಂಪನಿಗಳಿಗೆ ನಿರ್ದೇಶನ ಕೊಟ್ಟಿದೆ. ಸಿಮ್ಮನ್ನು ಊರಿನಲ್ಲಿ ಬಿಟ್ಟುಹೋಗದಿರಲು ಇದೂ ಒಂದು ಕಾರಣ.

ಈಗ ಫೋನಿಗೆ ಬರೋಣ. ಪ್ರಯಾಣಕ್ಕೆಂದೇ ಹೊಸ ಫೋನು ಕೊಳ್ಳಬೇಕೇ ಎಂದು ಬಹಳ ಮಂದಿ ಕೇಳುತ್ತಾರೆ. ಅಗತ್ಯವಿಲ್ಲದಿದ್ದರೆ ಬೇಡವೇ ಬೇಡ. ನಿಮ್ಮ ಬೆರಳಿಗೆ ಪಳಗಿದ, ಅಕ್ಷರ ದೊಡ್ಡದು ಮಾಡಿಟ್ಟುಕೊಂಡ, ಕನ್ನಡ ಕೀಲಿಮಣೆ ಇರುವ ಹಳೆಯ ಫೋನೇ ಉತ್ತಮ. ಆದರೆ ಅದು ಮೂರು ಪರೀಕ್ಷೆಗಳಲ್ಲಿ ಪಾಸಾಗಬೇಕು.

ಮೊದಲನೆಯದು, ಎರಡು ಸಿಮ್ಮಿಗೆ ಜಾಗ. ಇಲ್ಲಿ ಮಾರುವ ಹೆಚ್ಚಿನ ಫೋನುಗಳಲ್ಲಿ ಎರಡು ಸಿಮ್ ಹಿಡಿಸುತ್ತವೆ. ಆದರೆ ಕೆಲವದರಲ್ಲಿ ಎರಡನೆಯ ಜಾಗ ಹೈಬ್ರಿಡ್. ಅಲ್ಲಿ ಸಿಮ್ ಇಲ್ಲವೇ ಮೆಮೊರಿ ಕಾರ್ಡ್, ಎರಡರಲ್ಲಿ ಒಂದಕ್ಕೆ ಮಾತ್ರ ಅವಕಾಶ. ಮೊಮ್ಮಗುವಿನ ಫೋಟೋಗಳೆಲ್ಲ ಮೆಮೊರಿ ಕಾರ್ಡಿನಲ್ಲಿದ್ದರೆ ಮೊದಲೇ ಬೇರೆಡೆಗೆ ಇಳಿಸಿಕೊಳ್ಳಿ. ಫೋನಿನಲ್ಲಿ ಇ-ಸಿಮ್ ಸೌಲಭ್ಯವಿದ್ದರೆ ಇನ್ನೂ ಅನುಕೂಲ. ಇ-ಸಿಮ್ ಎಂದರೆ ಕೈಗೆ ಸಿಗುವ ಚೂರು ಇರುವುದಿಲ್ಲ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಫೋನಿನೊಳಗಿನ ಚಿಪ್ಪಿಗೇ ನಂಬರ್ ಕೂರುತ್ತದೆ. ಆಗ ಊರಿನ ಸಿಮ್ ಇದ್ದಲ್ಲೇ ಇರುತ್ತದೆ, ಅಮೆರಿಕದ ನಂಬರು ಇ-ಸಿಮ್ಮಾಗಿ ಬಂದು ಸೇರುತ್ತದೆ. ಉಗುರಿಗಿಂತ ಚಿಕ್ಕದಾದ ಸಿಮ್ಮನ್ನು ಹೊರತೆಗೆದು ಕಾಗದದಲ್ಲಿ ಮಡಚಿ ಪರ್ಸಿನಲ್ಲಿಟ್ಟು ಕಳೆದುಕೊಳ್ಳುವ ಪ್ರಮೇಯವೇ ಇಲ್ಲ. ಕಳೆದರೆ ಬದಲಿ ಸಿಮ್ಮಿಗೆ ಸಾಮಾನ್ಯವಾಗಿ ಇಲ್ಲಿನ ಮಳಿಗೆಗೇ ಖುದ್ದಾಗಿ ಬರಬೇಕು. ಅಲ್ಲಿ ಕೂತು ಆಗುವ ಕೆಲಸವಲ್ಲ.

ಎರಡನೆಯದು, ಬೀಗ. ಅಮೆರಿಕದಲ್ಲಿ ಫೋನುಗಳನ್ನು ಹೆಚ್ಚಾಗಿ ಕಂಪನಿಗಳಿಂದಲೇ ಕಂತಿನ ಮೇಲೆ ಕೊಳ್ಳುತ್ತಾರೆ. ಕಂತು ತೀರುವವರೆಗೆ ಅದು ಆ ಕಂಪನಿಗೇ ಲಾಕ್ ಆಗಿರುವುದು ವಾಡಿಕೆ, ಬೇರೆ ಸಿಮ್ ಒಪ್ಪುವುದಿಲ್ಲ. ನಮ್ಮಲ್ಲಿ ಮಾರುವ ಫೋನುಗಳಲ್ಲಿ ಈ ತಾಪತ್ರಯ ಕಡಿಮೆ. ಆದ್ದರಿಂದ ಎಚ್ಚರ ಬೇಕಾದ್ದು ಮಗ ಪ್ರೀತಿಯಿಂದ ಕೊಡುವ ಹಳೆಯ ಐಫೋನಿನ ವಿಷಯದಲ್ಲಿ. ಸೆಟಿಂಗ್ಸ್‌ನಲ್ಲಿ ಜನರಲ್, ಅದರೊಳಗೆ ಅಬೌಟ್ ತೆರೆದು ಕ್ಯಾರಿಯರ್ ಲಾಕ್ ಎಂಬಲ್ಲಿ ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಎಂದಿದ್ದರೆ ಬೀಗವಿಲ್ಲ. ಅದಕ್ಕಿಂತ ದೊಡ್ಡ ಬಲೆ ಇನ್ನೊಂದಿದೆ. 2022ರಲ್ಲಿ ಬಂದ ಐಫೋನ್ 14ರಿಂದ ಮೊದಲ್ಗೊಂಡು ಅಮೆರಿಕದಲ್ಲಿ ಮಾರಾಟವಾಗುವ ಐಫೋನುಗಳಲ್ಲಿ ಸಿಮ್ ಹಾಕುವ ತಟ್ಟೆಯೇ ಇಲ್ಲ, ಎಲ್ಲವೂ ಇ-ಸಿಮ್. ನಿಮ್ಮ ಊರಿನ ಸಿಮ್ಮನ್ನು ಹಿಡಿದುಕೊಂಡು ಆ ಫೋನಿನ ನಾಲ್ಕೂ ಅಂಚನ್ನು ತಡಕಿದರೂ ತೂರಿಸಲು ಒಂದು ಸಂದಿ ಸಿಗುವುದಿಲ್ಲ. ಅಂಥ ಫೋನು ನಿಮ್ಮದಾಗುವುದಿದ್ದರೆ, ಇಲ್ಲಿದ್ದಾಗ ನಿಮ್ಮ ಕಂಪನಿಯ ಇ-ಸಿಮ್ ವಿಚಾರ ತೀರ್ಮಾನಿಸಿಕೊಳ್ಳಿ. ಇಲ್ಲವಾದರೆ ಹಳೆಯ ಫೋನನ್ನು ಒಟಿಪಿಗೆಂದು ಜೊತೆಗೆ ಒಯ್ಯಿರಿ.

ಮೂರನೆಯ ಪರೀಕ್ಷೆಯ ಬಗ್ಗೆ ಅಂಗಡಿಯವರೂ ಹೇಳುವುದಿಲ್ಲ, ಮಕ್ಕಳಿಗೂ ಎಷ್ಟೋ ಸಲ ತಿಳಿದಿರುವುದಿಲ್ಲ. ನಮ್ಮ ಇಲಾಖೆಯ ಬುದ್ಧಿ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಪ್ರತಿ ಮೊಬೈಲೂ ಒಂದು ರೇಡಿಯೋ. ಅದು ಹಿಡಿಯಬಲ್ಲ ತರಂಗಗಳ ಪಟ್ಟಿಗಳಿಗೆ ಬ್ಯಾಂಡ್ ಎನ್ನುತ್ತಾರೆ, ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಭಾರತದಲ್ಲಿ 4ಜಿ ಓಡುವುದು ಮುಖ್ಯವಾಗಿ 1, 3, 5, 8, 40, 41ರಲ್ಲಿ. ಅಮೆರಿಕದಲ್ಲಿ 2, 4, 12, 13, 66, 71 ಮುಖ್ಯ. ಊರಾಚೆ, ಕಟ್ಟಡದ ಒಳಗೆ, ಗುಡ್ಡದ ಮರೆಯಲ್ಲಿ ಸಿಗ್ನಲ್ ತಲುಪಿಸುವುದು ಕಡಿಮೆ ಆವರ್ತನದ ಬ್ಯಾಂಡುಗಳು: ಅಮೆರಿಕದ ಕಂಪನಿಗಳ ಪೈಕಿ ವೆರೈಜನ್‌ಗೆ 700 ಮೆಗಾಹರ್ಟ್ಸಿನ 13, ಟಿ-ಮೊಬೈಲ್‌ಗೆ 600 ಮೆಗಾಹರ್ಟ್ಸಿನ 71. ನಮ್ಮಲ್ಲಿ ಹತ್ತು ಹದಿನೈದು ಸಾವಿರಕ್ಕೆ ಸಿಗುವ ಫೋನುಗಳಲ್ಲಿ ಇವು ಇಲ್ಲದಿರುವುದೇ ಹೆಚ್ಚು. ಅಂಥ ಫೋನು ಮಗನ ಮನೆಯ ಮುಂದೆ ಎರಡು ಕಡ್ಡಿ ತೋರಿಸಿ, ಕಾಸ್ಟ್ಕೋ ಮಳಿಗೆಯ ಒಳಗೆ ಹೋಗುತ್ತಲೇ ಮೂಕವಾದರೆ ತಪ್ಪು ಸಿಮ್ಮಿನದಲ್ಲ.

ಇದರ ಜೊತೆ ಇನ್ನೊಂದು ತೊಡಕು. ಎಟಿ ಅಂಡ್ ಟಿ, ಟಿ-ಮೊಬೈಲ್, ವೆರೈಜನ್ ಮೂರೂ 2022ರಲ್ಲಿ ತಮ್ಮ 3ಜಿ ಜಾಲವನ್ನು ಮುಚ್ಚಿದವು. ಮೊದಲೆಲ್ಲ 4ಜಿ ಫೋನಿನಲ್ಲೂ ಕರೆ ಮಾತ್ರ ಹಳೆಯ ಜಾಲದ ಮೂಲಕ ಹೋಗುತ್ತಿತ್ತು. ಈಗ ಕರೆಯೂ 4ಜಿಯಲ್ಲೇ ಹೋಗಬೇಕು, ಅದೇ ವೋಲ್ಟಿ. ನಿಮ್ಮ ಫೋನಿನಲ್ಲಿ ಜಿಯೋದ ವೋಲ್ಟಿ ಚೆನ್ನಾಗಿ ನಡೆಯುತ್ತದೆ ಎಂದ ಮಾತ್ರಕ್ಕೆ ಅಮೆರಿಕದ ಕಂಪನಿಯದೂ ನಡೆಯುತ್ತದೆ ಎಂದೇನಿಲ್ಲ. ಎಟಿ ಅಂಡ್ ಟಿ ತಾನು ಒಪ್ಪುವ ಫೋನುಗಳದ್ದೇ ಒಂದು ಪಟ್ಟಿ ಇಟ್ಟುಕೊಂಡಿದೆ. ಅದರಾಚೆಯ ಫೋನಿನಲ್ಲಿ ಅವರ ಸಿಮ್ ನೆಚ್ಚುವಂತಿಲ್ಲ. ಇದನ್ನು ಇಲ್ಲಿಂದಲೇ ತಿಳಿಯುವ ದಾರಿ ಸುಲಭ. ಫೋನಿನಲ್ಲಿ *#06# ಒತ್ತಿದರೆ 15 ಅಂಕಿಯ ಐಎಂಇಐ ಸಂಖ್ಯೆ ಬರುತ್ತದೆ. ಅದನ್ನು ಮಗಳಿಗೆ ಕಳಿಸಿ. ಅಲ್ಲಿನ ಕಂಪನಿಗಳ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ಫೋನು ಅವರ ಜಾಲಕ್ಕೆ ಹೊಂದುತ್ತದೋ ಇಲ್ಲವೋ ಕೂಡಲೇ ತಿಳಿಯುತ್ತದೆ. ಐದು ನಿಮಿಷದ ಕೆಲಸ. ಇದಾಗದೆ ಹೊಸ ಫೋನಿಗೆ ಒಂದು ರೂಪಾಯಿಯನ್ನೂ ಬಿಚ್ಚಬೇಡಿ. ಹೊಸದು ಬೇಕೇ ಬೇಕೆಂದಾದರೆ ಒಂದು ತಿಂಗಳು ಮುಂಚೆ ಕೊಂಡು ಕೈಗೆ ಪಳಗಿಸಿಕೊಳ್ಳಿ. ವಿಮಾನದಲ್ಲಿ ಕೂತು ಕಲಿಯುವ ವಿದ್ಯೆಯಲ್ಲ ಅದು.

ಇನ್ನು ಅಲ್ಲಿನ ನಂಬರು. ವಿಮಾನ ನಿಲ್ದಾಣದಲ್ಲೂ ಅಂತರ್ಜಾಲದಲ್ಲೂ ‘ಟ್ರಾವೆಲ್ ಇ-ಸಿಮ್’ ಎಂದು ಮಾರುವವರು ಬಹಳ. ಹೆಚ್ಚಿನವು ಬರೀ ಡೇಟಾ, ನಿಮ್ಮದೆನ್ನುವ ಫೋನ್ ನಂಬರು ಅವಕ್ಕಿರುವುದಿಲ್ಲ. ಹತ್ತು ದಿನದ ಪ್ರವಾಸಕ್ಕೆ ಅಷ್ಟು ಸಾಕು. ಆರು ತಿಂಗಳು ಇರುವವರಿಗೆ ಸಾಲದು. ಔಷಧಿ ಅಂಗಡಿ, ಡಾಕ್ಟರ ಅಪಾಯಿಂಟ್‌ಮೆಂಟ್, ಊಬರ್ ಚಾಲಕ, ಕನ್ನಡ ಕೂಟದಲ್ಲಿ ಪರಿಚಯವಾದ ಹೊಸ ಗೆಳೆಯರು, ಎಲ್ಲರಿಗೂ ಅಲ್ಲಿನ ನಂಬರೇ ಬೇಕು. ಇಲ್ಲಿನ ಕಂಪನಿಯ ರೋಮಿಂಗ್ ಪ್ಯಾಕು ಮೊದಲ ಎರಡು ಮೂರು ದಿನಕ್ಕೆ, ದಾರಿಯ ಮಧ್ಯೆ, ಒಳ್ಳೆಯದು. ತಿಂಗಳುಗಟ್ಟಲೆ ಅದರ ಮೇಲೆ ಬದುಕಿದರೆ ದುಬಾರಿ. ಎಲ್ಲಕ್ಕಿಂತ ಸುಲಭವಾದದ್ದು ಮಗನ ಫ್ಯಾಮಿಲಿ ಪ್ಲಾನಿನಲ್ಲಿ ಇನ್ನೊಂದು ಲೈನ್ ಸೇರಿಸುವುದು. ಅದಾಗದಿದ್ದರೆ ಮಿಂಟ್, ಟೆಲ್ಲೊ, ವಿಸಿಬಲ್‌ನಂಥ ಅಗ್ಗದ ಕಂಪನಿಗಳಿವೆ. ಇವು ಸ್ವಂತ ಟವರ್ ಇಲ್ಲದೆ ದೊಡ್ಡವರ ಜಾಲದ ಮೇಲೆ ಸೇವೆ ಕೊಡುತ್ತವೆ: ಮಿಂಟ್ ಟಿ-ಮೊಬೈಲಿನ ಮೇಲೆ, ವಿಸಿಬಲ್ ವೆರೈಜನ್ನಿನ ಮೇಲೆ. ಮೂರು ತಿಂಗಳದ್ದು ಒಟ್ಟಿಗೆ ಕೊಂಡರೆ ತಿಂಗಳಿಗೆ 15 ಡಾಲರಿನ ಆಸುಪಾಸಿನಲ್ಲೂ ಸಿಗುತ್ತದೆ. ನಿಮ್ಮ ಫೋನಿನ ಐಎಂಇಐ ಯಾವ ಜಾಲಕ್ಕೆ ಹೊಂದಿತೋ ಅದರದ್ದೇ ತೆಗೆದುಕೊಳ್ಳಿ, ಅಗ್ಗವೆಂದು ಬೇರೆಯದಕ್ಕೆ ಹೋಗಬೇಡಿ.

ಅಮೆರಿಕ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೊರಟವರಿಗೂ ಒಂದು ಎಚ್ಚರಿಕೆ. ಟೆಲ್‌ಸ್ಟ್ರಾ ಮತ್ತು ಆಪ್ಟಸ್ 2024ರ ಅಕ್ಟೋಬರ್ 28ರಂದು 3ಜಿ ಮುಚ್ಚಿದವು. ತುರ್ತು ಸಂಖ್ಯೆಯಾದ 000ಗೆ 4ಜಿಯಲ್ಲಿ ಕರೆ ಮಾಡಲಾಗದ ಫೋನನ್ನು ಕಂಪನಿಗಳು ತಮ್ಮ ಜಾಲದಿಂದಲೇ ಹೊರಗಿಡಬೇಕೆಂಬ ಕಾನೂನು ಅಲ್ಲಿದೆ. ಹೊರಗಿಂದ ತಂದ ಫೋನು ಒಳ್ಳೆಯ ಸ್ಥಿತಿಯಲ್ಲಿದ್ದರೂ ಈ ಕಾರಣಕ್ಕೆ ನಿಲ್ಲಬಹುದು. ದುಬೈ, ಅಬುಧಾಬಿಗೆ ಹೋಗುವವರು ವಾಟ್ಸಾಪ್ ಕರೆಯನ್ನು ನಂಬಿಕೊಳ್ಳಬೇಡಿ. ಅಲ್ಲಿ ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ. ಬೋಟಿಮ್‌ನಂಥ ಪರವಾನಗಿ ಪಡೆದ ಆಪ್ ಬೇಕು. ಮಂಗಳೂರು, ಉಡುಪಿ, ಭಟ್ಕಳದ ಮನೆಗಳಿಗೆ ಇದು ಹೊಸತಲ್ಲ. ಯುರೋಪ್ ಸುತ್ತುವವರಿಗೆ ಅನುಕೂಲ ಜಾಸ್ತಿ. ಐರೋಪ್ಯ ಒಕ್ಕೂಟದ ಒಂದು ದೇಶದಲ್ಲಿ ಕೊಂಡ ಸಿಮ್ 2017ರಿಂದ ಉಳಿದ ದೇಶಗಳಲ್ಲೂ ಹೆಚ್ಚುವರಿ ರೋಮಿಂಗ್ ಶುಲ್ಕವಿಲ್ಲದೆ ನಡೆಯುತ್ತದೆ. ಆದರೆ ಸ್ವಿಟ್ಜರ್ಲೆಂಡ್ ಆ ಒಕ್ಕೂಟದಲ್ಲಿಲ್ಲ. ನಮ್ಮವರು ಫೋಟೋ, ವಿಡಿಯೋ ಹೆಚ್ಚು ಕಳಿಸುವುದು ಅಲ್ಲಿಂದಲೇ.

ದಾರಿಯಲ್ಲೂ ಸ್ವಲ್ಪ ಜೋಪಾನ. ವಿಮಾನ ಹತ್ತಿದೊಡನೆ ಫ್ಲೈಟ್ ಮೋಡ್ ಹಾಕಿ. ಕೆಲವು ವಿಮಾನಗಳಲ್ಲಿ ಅದರದ್ದೇ ಮೊಬೈಲ್ ಜಾಲ ಇರುತ್ತದೆ, ನಿಮ್ಮ ಫೋನು ಅದಕ್ಕೆ ಅಂಟಿಕೊಂಡರೆ ದರ ನೆಲದ ಮೇಲಿನದಲ್ಲ. ದೋಹಾ, ದುಬೈ, ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸುವವರು, ನಿಮ್ಮ ರೋಮಿಂಗ್ ಪ್ಯಾಕಿನಲ್ಲಿ ಆ ದೇಶ ಸೇರಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ ನಿಲ್ದಾಣದ ಉಚಿತ ವೈಫೈ ಸಾಕು. ಪವರ್ ಬ್ಯಾಂಕ್ ಕೈಚೀಲದಲ್ಲಿರಲಿ, ಚೆಕ್-ಇನ್ ಲಗೇಜಿಗೆ ಹಾಕುವಂತಿಲ್ಲ. ಮಗನ ನಂಬರು, ಮನೆ ವಿಳಾಸ ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಪಾಸ್‌ಪೋರ್ಟಿನೊಳಗೆ ಇಡಿ. ಫೋನಿನ ಚಾರ್ಜ್ ಮುಗಿದಾಗ ಉಳಿಯುವುದು ಅದೊಂದೇ.

ಫೋನಿನಲ್ಲಿರುವ ಊರಿನ ನಂಬರುಗಳ ಮೊದಲಿಗೆ +91 ಸೇರಿಸಿ. ಸೊನ್ನೆಯನ್ನು ಒತ್ತಿ ಹಿಡಿದರೆ + ಬರುತ್ತದೆ. ಅಮೆರಿಕದಲ್ಲೂ ನಂಬರು ಹತ್ತೇ ಅಂಕಿ, ತೊಂದರೆ ಇರುವುದೇ ಅಲ್ಲಿ. ಬೆಂಗಳೂರಿನಲ್ಲಿ 984ರಿಂದ ಶುರುವಾಗುವ ಹಳೆಯ ನಂಬರುಗಳು ಬೇಕಾದಷ್ಟಿವೆ. ಅಮೆರಿಕದಲ್ಲಿ 984 ಎಂದರೆ ಉತ್ತರ ಕೆರೊಲಿನಾದ ರಾಲಿ, ಡರ್ಹಮ್ ಸುತ್ತಲಿನ ಏರಿಯಾ ಕೋಡ್. +91 ಇಲ್ಲದೆ ಬಸವನಗುಡಿಯ ಅಕ್ಕನಿಗೆ ಕರೆ ಮಾಡಿದರೆ ಅತ್ತ ಯಾರೋ ಅಮೆರಿಕನ್ನರು ಎತ್ತಿಕೊಳ್ಳಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು 911. ನಮ್ಮ 112 ಇದ್ದಂತೆ ಅಲ್ಲಿ ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ ಎಲ್ಲಕ್ಕೂ ಅದೇ ಸಂಖ್ಯೆ. ಸಿಮ್ ಇಲ್ಲದ ಫೋನಿನಿಂದಲೂ ಆ ಕರೆ ಹೋಗಲೇಬೇಕೆಂದು ಅಲ್ಲಿ ನಿಯಮವಿದೆ. ‘ಹಾಗಾದರೆ ಸಿಮ್ ಯಾಕೆ?’ ಎನ್ನಬೇಡಿ. ಸಿಮ್ ಇಲ್ಲದ ಫೋನಿನಿಂದ ಮಾಡಿದ ಕರೆ ನಡುವೆ ಕಡಿದುಹೋದರೆ 911ರವರು ನಿಮಗೆ ತಿರುಗಿ ಕರೆ ಮಾಡಲಾರರು, ಏಕೆಂದರೆ ಅದಕ್ಕೆ ನಂಬರೇ ಇಲ್ಲ. ಮಗ, ಸೊಸೆ ಇಬ್ಬರೂ ಆಫೀಸಿಗೆ ಹೋಗಿ, ಮನೆಯಲ್ಲಿ ನೀವಿಬ್ಬರೇ ಇರುವ ಮಧ್ಯಾಹ್ನವನ್ನು ಯೋಚಿಸಿ. 911ರವರು ಮೊದಲು ಕೇಳುವುದು ವಿಳಾಸ. ಮನೆ ನಂಬರು, ರಸ್ತೆಯ ಹೆಸರು, ಊರು ಬಾಯಿಪಾಠವಾಗಲಿ. ಇಂಗ್ಲಿಷ್ ತೊಡರಿದರೆ ‘ಕನ್ನಡ’ ಎಂದು ಹೇಳಿ. ಬಹಳಷ್ಟು ಕಡೆ ದುಭಾಷಿಯನ್ನು ಫೋನಿನಲ್ಲೇ ಸೇರಿಸಿಕೊಳ್ಳುವ ವ್ಯವಸ್ಥೆ ಇದೆ.

ಮೋಸದ ಕರೆಗಳ ಬಗ್ಗೆ ಒಂದೇ ಮಾತು. ‘ನಿಮ್ಮ ಸಿಮ್ಮನ್ನು ಇ-ಸಿಮ್ ಮಾಡಿಕೊಡುತ್ತೇವೆ, ಈ ಮೆಸೇಜ್ ಫಾರ್ವರ್ಡ್ ಮಾಡಿ’ ಎಂದು ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. ಆ ಒಂದು ಮೆಸೇಜಿನಿಂದ ನಿಮ್ಮ ನಂಬರು ಅವನ ಫೋನಿಗೆ ಹೋಗುತ್ತದೆ, ನಂಬರಿನ ಹಿಂದೆ ಬ್ಯಾಂಕ್ ಖಾತೆಯೂ ಹೋಗುತ್ತದೆ. ನೀವು ಪರದೇಶದಲ್ಲಿದ್ದು, ಊರಿನ ಸಿಮ್ಮಿನಲ್ಲಿ ಸಿಗ್ನಲ್ ಹೋದರೂ ಗಮನಿಸದ ಹೊತ್ತು ಇಂಥವರಿಗೆ ಸುಗ್ಗಿ.

ಈಗ ಕೆಲಸಗಳ ಸರದಿ. ಕಂಪನಿ ಬದಲಿಸಿ ಪೋರ್ಟ್ ಮಾಡಬೇಕೆಂದಿದ್ದರೆ, ಸಿಮ್ಮನ್ನು ಇ-ಸಿಮ್ ಮಾಡಿಸಬೇಕೆಂದಿದ್ದರೆ, ಕೊನೆಯ ವಾರಕ್ಕೆ ಉಳಿಸಬೇಡಿ. ಸಿಮ್ ಬದಲಿಸಿದ ಮೇಲೆ 24 ಗಂಟೆ ಆ ನಂಬರಿಗೆ ಎಸ್‌ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ವಂಚಕರನ್ನು ತಡೆಯಲು ಇಟ್ಟಿರುವ ನಿಯಮ ಅದು. 2024ರ ಜುಲೈ 1ರಿಂದ, ಸಿಮ್ ಬದಲಿಸಿ 7 ದಿನ ಕಳೆಯದೆ ಪೋರ್ಟ್ ಮಾಡಲೂ ಬರುವುದಿಲ್ಲ. ಆದ್ದರಿಂದ ಟಿಕೆಟ್ ಆದ ವಾರದಲ್ಲೇ ಐಎಂಇಐ ಪರೀಕ್ಷೆ, ಇ-ಸಿಮ್ ತೀರ್ಮಾನ. ಹದಿನೈದು ದಿನ ಇರುವಾಗ ದೀರ್ಘಾವಧಿಯ ರೀಚಾರ್ಜ್, ರೋಮಿಂಗ್ ಸೇವೆ. ಹೊರಡುವ ಮುನ್ನ ಬ್ಯಾಂಕಿನಿಂದ ಒಂದು ಒಟಿಪಿ ತರಿಸಿ ನೋಡಿ. ತಲುಪಿದ ಮೊದಲ ದಿನ ಅಲ್ಲಿ ಮತ್ತೊಂದು ತರಿಸಿ ನೋಡಿ.

ಮಕ್ಕಳಿಗೂ ಎರಡು ಮಾತಿದೆ, ಈ ಪತ್ರವನ್ನು ಅವರಿಗೆ ಓದಿ ಹೇಳಿ. ಅಪ್ಪ ಅಮ್ಮ ಬರುವ ಮೊದಲೇ ಅವರ ಹೆಸರಿಗೊಂದು ಲೈನ್ ಸಿದ್ಧವಿರಲಿ; ವಿಮಾನ ನಿಲ್ದಾಣಕ್ಕೆ ಹೂಗುಚ್ಛ ಬೇಡ, ಆ ಲೈನೇ ಸಾಕು. ಇಬ್ಬರಿಗೂ ಸೇರಿ ಒಂದೇ ಫೋನು ಎಂದು ಮಾಡಬೇಡಿ. ಒಬ್ಬರು ವಾಕಿಂಗ್ ಹೋದಾಗ ಇನ್ನೊಬ್ಬರು ಮನೆಯಲ್ಲಿರುತ್ತಾರೆ. ಅವರ ಫೋನಿನ ಸೆಟಿಂಗುಗಳನ್ನು ನೀವೇ ಮಾಡಿ ಮುಗಿಸಬೇಡಿ, ಅವರ ಕೈಯಲ್ಲೇ ಮಾಡಿಸಿ. ನಾಲ್ಕು ಸಲ ಕೇಳಿದರೆ ನಾಲ್ಕು ಸಲ ಹೇಳಿ. ನಿಮಗೆ ಮಗ್ಗಿ ಕಲಿಸುವಾಗ ಅವರು ಎಣಿಸಿರಲಿಲ್ಲ.

ಕೊನೆಗೆ ನಮ್ಮ ನಿಮ್ಮೆಲ್ಲರಲ್ಲೂ ಇರುವ ಒಂದು ಚಟದ ಬಗ್ಗೆ. ತಿಂಗಳಿಗೆ 15 ಡಾಲರ್ ಎಂದೊಡನೆ ಮನಸ್ಸಿನಲ್ಲೇ ರೂಪಾಯಿಗೆ ಗುಣಿಸುತ್ತೇವೆ. ಸಾವಿರದ ಮುನ್ನೂರಕ್ಕೂ ಮೇಲೆ! ‘ಅಯ್ಯೋ, ಅಷ್ಟು ದುಡ್ಡು ಯಾಕೆ, ವೈಫೈ ಇದೆಯಲ್ಲ’ ಎಂದು ನಾವೇ ಮಕ್ಕಳಿಗೆ ಬೇಡ ಎಂದುಬಿಡುತ್ತೇವೆ. ಅವರೂ ಸುಮ್ಮನಾಗುತ್ತಾರೆ. ಪ್ರಯಾಣದ ವಿಮೆಗೆ, ಟಿಕೆಟ್ಟಿಗೆ, ವೀಸಾ ಶುಲ್ಕಕ್ಕೆ ಕೊಟ್ಟ ಹಣದ ಪಕ್ಕದಲ್ಲಿಟ್ಟು ಈ ಮೊತ್ತವನ್ನು ನೋಡಿ. ಒಬ್ಬರೇ ಗ್ರಂಥಾಲಯಕ್ಕೆ ಹೋಗಿ ಬರಲು, ಪಾರ್ಕಿನಲ್ಲಿ ಸಿಕ್ಕ ಧಾರವಾಡದವರ ನಂಬರು ಬರೆದುಕೊಂಡು ನಾಳೆ ಸಂಜೆ ಭೇಟಿಗೆ ಕರೆಯಲು, ಮಗನ ಮೀಟಿಂಗ್ ಮುಗಿಯುವವರೆಗೂ ಕಾಯದೆ ನಿಮ್ಮ ಬ್ಯಾಂಕ್ ಕೆಲಸವನ್ನು ನೀವೇ ಮಾಡಿಕೊಳ್ಳಲು ತಗಲುವ ಖರ್ಚು ಅದು. ಈ ಒಂದು ಬಿಲ್ಲಿಗೆ ಸಂಕೋಚ ಬೇಡ. ಮಕ್ಕಳಿಂದ ಬೇಡವೆನಿಸಿದರೆ ನಿಮ್ಮ ಪಿಂಚಣಿಯಿಂದಲೇ ಕೊಡಿ.

ಹೋಗಿ ಬನ್ನಿ. ವಿಮಾನ ಇಳಿದು ‘ನಾವು ಬಂದಿಳಿದೆವು’ ಎಂದು ಹೇಳುವ ಮೊದಲ ಕರೆ ನಿಮ್ಮದೇ ಫೋನಿನಿಂದ ಹೋಗಲಿ.

ಇಂತಿ,
ನಿಮ್ಮಂತೆಯೇ ಮಗಳ ಮನೆಗೆ ಹೋಗಿ ಬಂದ ಒಬ್ಬ ನಿವೃತ್ತ ದೂರವಾಣಿ ನೌಕರ